ಘಟ್ಟ ಇಳಿದ ಗಾಡಿ

ನಮ್ಮ ಸೋದರಮಾವ ಎಡಗಾಲನ್ನು ಸ್ವಲ್ಪ ಎಳೆದುಕೊಂಡು ನಡೆಯುತ್ತಾರೆ. ನಾನು ಹುಟ್ಟುವ ಮೂರು ವರ್ಷ ಮೊದಲು, ಮಡಿಕೇರಿಯಿಂದ ಮಂಗಳೂರಿಗೆ ಹೋಗುವಾಗ, ಸುಳ್ಯ ದಾಟಿದ ಮೇಲೆ ಅವರ ರಾಜದೂತ್ 350 ಗಾಡಿ ಪೂರ್ತಿ ವೇಗದಲ್ಲಿದ್ದಾಗಲೇ ಎಂಜಿನ್ ಸೀಜ್ ಆಯಿತು. ಹಿಂದಿನ ಚಕ್ರ ಹಿಡಿದುಕೊಂಡಿತು, ಮಾವ ರಸ್ತೆಗೆ ಬಿದ್ದರು. ಮನೆಯಲ್ಲಿ ಈ ಕತೆ ಹೇಳುವಾಗಲೆಲ್ಲ ಒಂದು ಮಾತು ಕೊನೆಗೆ ಬರುತ್ತಿತ್ತು: “ಆ ಗ್ಯಾರೇಜಿನವನು ಆಯಿಲ್ ಪಂಪ್ ಸರಿಯಾಗಿ ಕೂರಿಸಿರಲಿಲ್ಲ.” ಗ್ಯಾರೇಜಿನವರು ಮಾವನ ಹೈಸ್ಕೂಲ್ ಗೆಳೆಯ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಬೇಸಿಗೆ ರಜೆಗೆ ಮಡಿಕೇರಿಗೆ ಹೋದಾಗ ನಾನೂ ಆ ಗ್ಯಾರೇಜಿನಲ್ಲಿ ಸೈಕಲ್ಲಿಗೆ ಗಾಳಿ ಹಾಕಿಸುತ್ತಿರಲಿಲ್ಲ. ಇನ್ನೊಂದು ಅಂಗಡಿಯವರೆಗೆ ತಳ್ಳಿಕೊಂಡೇ ಹೋಗುತ್ತಿದ್ದೆ.

ಈಗ ನಾನಿರುವುದು ಅಮೆರಿಕದ ಅರಿಜೋನಾದಲ್ಲಿ, ಫ್ಲ್ಯಾಗ್‌ಸ್ಟಾಫ್ ಎಂಬ ಊರಿನಲ್ಲಿ. ನನ್ನ ಸಂಶೋಧನೆ ಪೈನ್ ಕಾಡು ಮತ್ತು ಮಣ್ಣಿನ ತೇವದ ಬಗ್ಗೆ. ಎಂಜಿನ್ನಿಗೂ ನನಗೂ ಸಂಬಂಧವಿಲ್ಲ. ಆದರೆ ನನ್ನ ಲ್ಯಾಬಿನ ಗೆಳೆಯನೊಬ್ಬನ ಶೆಡ್ಡಿನಲ್ಲಿ ಯಮಾಹಾ ಬ್ಯಾನ್ಷಿ ಎಂಬ ನಾಲ್ಕು ಚಕ್ರದ ಗಾಡಿ ಇದೆ. ನಮ್ಮ ಕಡೆ ರೆಸಾರ್ಟುಗಳಲ್ಲಿ ಪ್ರವಾಸಿಗರನ್ನು ಕೂರಿಸಿ ಕೆಸರಿನಲ್ಲಿ ಸುತ್ತಿಸುವ ಎಟಿವಿಗಳನ್ನು ನೀವು ನೋಡಿರುತ್ತೀರಿ. ಅವು ಎತ್ತಿನಂಥವಾದರೆ ಇದು ಕುದುರೆ. 1987ರ ಮಾಡೆಲ್ಲಾಗಿ ಬಂದು, ಅಮೆರಿಕದಲ್ಲಿ 2006ರವರೆಗೆ ಮಾರಾಟವಾದ ಇದರಲ್ಲಿರುವುದು ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್.

ಗೆಳೆಯ ಒಂದು ಸಂಜೆ ಅದರ ಅಳತೆ ಹೇಳಿದ: ಬೋರ್ 64 ಮಿಲಿಮೀಟರ್, ಸ್ಟ್ರೋಕ್ 54, ಒಟ್ಟು 347 ಸಿಸಿ. ನನಗೆ ಮೈ ಜುಮ್ಮೆಂದಿತು. ಮಾವನ ಬಾಯಲ್ಲಿ ಮಗ್ಗಿಯಂತೆ ಕೇಳಿದ್ದ ಅಂಕಿಗಳು! ರಾಜದೂತ್ 350 ಎಂದರೆ ಯಮಾಹಾದ ಆರ್‌ಡಿ 350ಯೇ. ಅದಕ್ಕೆ ಗಾಳಿಯಲ್ಲಿ ತಂಪು, ಬ್ಯಾನ್ಷಿಗೆ ನೀರಿನಲ್ಲಿ. ಉಳಿದಂತೆ ಒಂದೇ ಮನೆತನ.

ಆದರೆ ಈ ದಾಯಾದಿಗಳ ಹಣೆಬರಹ ಬೇರೆ ಬೇರೆ. ಜಪಾನಿನಲ್ಲಿ 39 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ನನ್ನು ಇಲ್ಲಿಗೆ ತರುವಾಗ ಎಕ್ಸಾಸ್ಟ್ ದಾರಿ ಕಿರಿದು ಮಾಡಿ, ಮೊದಲು 30.5ಕ್ಕೆ, ಆಮೇಲೆ ಮೈಲೇಜಿಗಾಗಿ 27ಕ್ಕೆ ಇಳಿಸಿದರು. ಹಾಗಾಗಿ ನಮ್ಮಲ್ಲಿ ಟ್ಯೂನಿಂಗ್ ಎಂದರೆ ಕಿತ್ತುಕೊಂಡದ್ದನ್ನು ವಾಪಸ್ ಪಡೆಯುವುದು. ಅಮೆರಿಕದಲ್ಲಿ ಬ್ಯಾನ್ಷಿಗೆ ಮಿತಿಯೇ ಇಲ್ಲ ಎಂಬಂತೆ ಬಿಡಿಭಾಗಗಳು ಸಿಗುತ್ತವೆ. ಸ್ಟ್ರೋಕ್ ನಾಲ್ಕು ಮಿಲಿಮೀಟರ್ ಹೆಚ್ಚಿಸುವ ಕ್ರ್ಯಾಂಕ್ ಹಾಕಿದರೆ 347 ಸಿಸಿ 373 ಆಗುತ್ತದೆ. ಸಿಲಿಂಡರ್ ಹೆಡ್ ಬದಲಿಸಿ ಒತ್ತಡ ಏರಿಸಬಹುದು. ಹೊಟ್ಟೆ ಉಬ್ಬಿದ ಎಕ್ಸಾಸ್ಟ್ ಪೈಪುಗಳಂತೂ ಮೊದಲ ಖರ್ಚು. ಹೊರಹೋಗುವ ಹೊಗೆಯ ಅಲೆ ಆ ಪೈಪಿನ ಕಿರಿದಾದ ತುದಿಗೆ ಬಡಿದು ಹಿಂದಕ್ಕೆ ಬರುತ್ತದೆ; ಹೊಗೆಯ ಜೊತೆ ತಪ್ಪಿಸಿಕೊಳ್ಳುತ್ತಿದ್ದ ಹೊಸ ಪೆಟ್ರೋಲ್ ಗಾಳಿಯನ್ನು ಮತ್ತೆ ಸಿಲಿಂಡರಿನೊಳಗೆ ನೂಕುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಈ ತಾಳ ಕೂಡಿದಾಗ ಗಾಡಿ ಹಿಂದಿನಿಂದ ಯಾರೋ ದಬ್ಬಿದಂತೆ ನುಗ್ಗುತ್ತದೆ.

ಗೆಳೆಯ ಪೈಪು, ಏರ್ ಫಿಲ್ಟರ್ ಬದಲಿಸಿ, ಅದಕ್ಕೆ ತಕ್ಕ ಜೆಟ್ ಹಾಕಿ, ಫ್ಲ್ಯಾಗ್‌ಸ್ಟಾಫಿನಲ್ಲೇ ಟ್ಯೂನ್ ಮಾಡಿದ. ಕಾರ್ಬ್ಯುರೇಟರಿನ ಜೆಟ್ ಎಂದರೆ ನಡುವೆ ಸೂಜಿಮೊನೆಯಂಥ ತೂತಿರುವ ಹಿತ್ತಾಳೆಯ ಚೂರು. ಎಷ್ಟು ಪೆಟ್ರೋಲ್ ಹೋಗಬೇಕೆಂದು ನಿರ್ಧರಿಸುವುದು ಅದೇ. ಆ ಶನಿವಾರ ಗಾಡಿಯನ್ನು ಟ್ರೇಲರಿಗೆ ಏರಿಸಿ, ಕ್ಯಾಲಿಫೋರ್ನಿಯಾದ ಗ್ಲ್ಯಾಮಿಸ್ ಎಂಬಲ್ಲಿನ ಮರಳುದಿಬ್ಬಗಳಿಗೆ ಹೊರಟೆವು. ಅವನ ತಂಗಿಯೂ ಇದ್ದಳು. ಮೊದಲ ಸವಾರಿ ತನ್ನದೇ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು.

ಗ್ಲ್ಯಾಮಿಸ್‌ನಲ್ಲಿ ಕಣ್ಣು ಹಾಯುವವರೆಗೂ ಮರಳು. ದಿಬ್ಬದಾಚೆಯವರಿಗೆ ಕಾಣಲೆಂದು ಪ್ರತಿ ಗಾಡಿಗೂ ಉದ್ದ ಕೋಲು, ಅದಕ್ಕೊಂದು ಬಾವುಟ. ಅವಳು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಳು. ನಾನು ನೀರಿನ ಬಾಟಲಿಗೆಂದು ಚೀಲಕ್ಕೆ ಕೈಹಾಕಿದಾಗ ಕಾಡಿಗೆ ಒಯ್ಯುವ ವಾಯುಭಾರ ಮಾಪಕ ಸಿಕ್ಕಿತು. ದಿನವೂ 790ರ ಆಸುಪಾಸು ತೋರಿಸುವ ಅದು ಸಾವಿರದ ಹತ್ತಿರ ತೋರಿಸುತ್ತಿತ್ತು. ಸಹಜವೇ. ಫ್ಲ್ಯಾಗ್‌ಸ್ಟಾಫ್ ಸುಮಾರು 2,100 ಮೀಟರ್ ಎತ್ತರದಲ್ಲಿದೆ, ಇದು 100 ಮೀಟರ್.

ಆಗ ಹೊಳೆಯಿತು. ಕೆಳಗಿನ ಗಾಳಿ ದಟ್ಟ. ಎಂಜಿನ್ ಅದೇ ಗುಕ್ಕಿನಲ್ಲಿ ಹೆಚ್ಚು ಗಾಳಿ ನುಂಗುತ್ತದೆ. ಜೆಟ್ಟಿನಿಂದ ಪೆಟ್ರೋಲೂ ಸ್ವಲ್ಪ ಹೆಚ್ಚು ಬರುತ್ತದೆ, ಆದರೆ ಗಾಳಿ ಹೆಚ್ಚಿದಷ್ಟಲ್ಲ. ಮಿಶ್ರಣ ತೆಳುವಾಗುತ್ತದೆ, ಬಿಸಿ ಏರುತ್ತದೆ, ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಬ್ಯಾನ್ಷಿಯಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸುವುದರಿಂದ ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ. ಈಗಿನ ಫ್ಯುಯಲ್ ಇಂಜೆಕ್ಷನ್ ಗಾಡಿಗಳಲ್ಲಿ ಸೆನ್ಸರುಗಳೇ ಗಾಳಿಯನ್ನು ಅಳೆದು ಇದನ್ನೆಲ್ಲ ಸರಿದೂಗಿಸುತ್ತವೆ. ಹಳೆಯ ಗಾಡಿಯಲ್ಲಿ ಮನುಷ್ಯನೇ ನೆನಪಿಟ್ಟುಕೊಳ್ಳಬೇಕು.

“ಜೆಟ್ ಬದಲಿಸಿದೆಯಾ?” ಎಂದು ಕೇಳಿದೆ.

“ಊರಲ್ಲಿ ಚೆನ್ನಾಗೇ ಓಡಿತಲ್ಲ” ಎಂದ.

ಮಾವ ಇಷ್ಟು ವರ್ಷ ಹೇಳುತ್ತಿದ್ದದ್ದೂ ಇದನ್ನೇ: “ಮಡಿಕೇರಿಯಲ್ಲಿ ಚೆನ್ನಾಗೇ ಓಡ್ತಿತ್ತು.”

ಗಾಡಿ ಹತ್ತದಂತೆ ಅವನ ತಂಗಿಯನ್ನು ತಡೆದೆ. ಗೆಳೆಯನಿಗೆ ಕೋಪ ಬಂತು. ಕೊನೆಗೆ ತಾನೇ ಕೂತು, ಎರಡು ಬೆರಳು ಕ್ಲಚ್ಚಿನ ಮೇಲಿಟ್ಟುಕೊಂಡು, ಸ್ವಲ್ಪ ದೂರ ಪೂರ್ತಿ ಥ್ರಾಟಲ್ ಕೊಟ್ಟು, ಹಾಗೇ ಎಂಜಿನ್ ಆರಿಸಿದ. ಆ ಒಂದು ಓಟದಲ್ಲಿ ಗಾಡಿಯ ಸದ್ದು ಹಿಂದೆಂದಿಗಿಂತ ಚುರುಕಾಗಿತ್ತು. ಅದೇ ಇದರ ಮೋಸ. ಮಿಶ್ರಣ ತೆಳುವಾಗುತ್ತಾ ಹೋದಂತೆ, ಸೀಜ್ ಆಗುವ ಮುಂಚಿನ ಗಳಿಗೆಯಲ್ಲಿ ಟೂ ಸ್ಟ್ರೋಕ್ ಎಲ್ಲಕ್ಕಿಂತ ಚೆನ್ನಾಗಿ ಎಳೆಯುತ್ತದೆ. ಪ್ಲಗ್ ಬಿಚ್ಚಿ ನೋಡಿದೆವು: ಸುಣ್ಣ ಬಳಿದಂತೆ ಬಿಳಿ. ಪಕ್ಕದ ಡೇರೆಯವರಿಂದ ದೊಡ್ಡ ಜೆಟ್ಟುಗಳನ್ನು ಕೇಳಿ ತಂದು, ಎರಡೂ ಕಾರ್ಬ್ಯುರೇಟರಿಗೆ ಹಾಕಿ, ಮತ್ತೆ ಓಡಿಸಿ, ಮತ್ತೆ ಬಿಚ್ಚಿ ನೋಡುವಷ್ಟರಲ್ಲಿ ಒಂದು ಗಂಟೆ ಹೋಯಿತು. ಅವನ ತಂಗಿ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಕತ್ತಲಾಗುವವರೆಗೂ ದಿಬ್ಬ ಹತ್ತಿ ಇಳಿದಳು.

ರಾತ್ರಿ ಮಾವನಿಗೆ ಫೋನ್ ಮಾಡಿದೆ. ದೊಡ್ಡ ಸಂಗತಿ ಕಂಡುಹಿಡಿದವನ ಉಮೇದು ನನ್ನದು. “ಮಾವ, ಅದು ಆಯಿಲ್ ಪಂಪ್ ಇರಲಾರದು. ಮಡಿಕೇರಿ ಸುಮಾರು 1,150 ಮೀಟರ್. ಟ್ಯೂನ್ ಮಾಡಿಸಿದ್ದು ಅಲ್ಲಿ, ಸಂಪಾಜೆ ಘಟ್ಟ ಇಳಿದು ಪೂರ್ತಿ ಥ್ರಾಟಲ್ ಕೊಟ್ಟಿದ್ದು ಕೆಳಗೆ. ಮೊದಲೇ ಅಂಚಿನಲ್ಲಿದ್ದ ಮಿಶ್ರಣ...”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

“ಅವನು ಹೇಳಿದ್ದ ಕಣೋ. ಕೆಳಗೆ ಓಡಿಸೋದಾದ್ರೆ ಹಾಕ್ಕೋ ಅಂತ ಎರಡು ಜೆಟ್ಟನ್ನ ಪೇಪರಲ್ಲಿ ಸುತ್ತಿ ಕೊಟ್ಟಿದ್ದ. ಒಂದು ದಿನಕ್ಕೆ ಏನಾಗುತ್ತೆ ಅಂತ ನಾನೇ ಹಾಕಲಿಲ್ಲ. ಅವತ್ತು ಗಾಡಿ ಓಡಿದ ಹಾಗೆ ಯಾವತ್ತೂ ಓಡಿರಲಿಲ್ಲ, ಗೊತ್ತಾ?”

“ಮತ್ತೆ ಆಯಿಲ್ ಪಂಪ್ ಅಂತ...?”

“ಆಸ್ಪತ್ರೇಲಿ ನಿಮ್ಮಜ್ಜ ಕೇಳಿದ್ರು. ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ಆಮೇಲೆ ಅದನ್ನೇ ಹೇಳ್ತಾ ಹೋದೆ.”

ನನಗೆ ಏನು ಹೇಳಲೂ ತೋಚಲಿಲ್ಲ. ಮಾವನೇ ಕೇಳಿದರು, “ಜೆಟ್ ಬದಲಿಸಿದ ಮೇಲೆ ಪ್ಲಗ್ ಯಾವ ಬಣ್ಣಕ್ಕೆ ಬಂತು?”

“ಕಾಫಿಪುಡಿ ಬಣ್ಣ.”

“ಹಾಗಾದ್ರೆ ಸರಿ” ಎಂದರು.

ಆ ಗ್ಯಾರೇಜು ಇನ್ನೂ ಇದೆಯಂತೆ. ಈಗ ಅವರ ಮಗ ನೋಡಿಕೊಳ್ಳುತ್ತಾನೆ, ಅವರು ಹೊರಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. “ನೀವೊಮ್ಮೆ ಹೋಗಿ ಬರ್ತೀರಾ?” ಎಂದಿದ್ದಕ್ಕೆ ಮಾವ “ನೋಡೋಣ” ಎಂದಷ್ಟೇ ಹೇಳಿದರು. ಡಿಸೆಂಬರಿನಲ್ಲಿ ನಾನು ಊರಿಗೆ ಹೋಗುತ್ತೇನೆ. ಮಾವ ಬರಲಿ ಬಿಡಲಿ, ನಾನಂತೂ ಹೋಗಬೇಕು. ಸೈಕಲ್ ತಳ್ಳಿಕೊಂಡು ಅವರ ಮುಂದೆಯೇ ಎಷ್ಟೋ ಸಲ ತಲೆ ತಗ್ಗಿಸಿ ಹೋಗಿದ್ದೇನೆ.