ಮಾರದೆ ಉಳಿದ ಎಳೆ

1910ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಕಾದಂಬರಿಕಾರ ಜಾಕ್ ಲಂಡನ್ 14 ಕಥೆಗಳ ಎಳೆಗಳನ್ನು 70 ಡಾಲರಿಗೆ ಕೊಂಡ. ಒಂದೊಂದಕ್ಕೆ 5 ಡಾಲರ್ ಬಿತ್ತು. ಮಾರಿದವನು 25 ವರ್ಷದ ಸಿಂಕ್ಲೇರ್ ಲೂಯಿಸ್. ಮಿನ್ನೆಸೋಟದ ಸಾಕ್ ಸೆಂಟರ್ ಎಂಬ ಚಿಕ್ಕ ಊರಿನ ಡಾಕ್ಟರ ಮಗ. ಕೆಂಚು ಕೂದಲು, ಮೊಡವೆ ಕಲೆ ಉಳಿದ ಮುಖ, ಯಾವ ಗುಂಪಿನಲ್ಲೂ ಬೆರೆಯಲಾಗದ ಸ್ವಭಾವ. ಯೇಲ್ ವಿಶ್ವವಿದ್ಯಾಲಯದಲ್ಲೂ ಅವನು ಒಂಟಿಯೇ. ಜೊತೆಗಾರರಿಲ್ಲದ ತಲೆಯಲ್ಲಿ ಕಥೆಗಳು ಒಂದರ ಹಿಂದೊಂದು ಹುಟ್ಟುತ್ತಿದ್ದವು. ಅವನ್ನು ಚಿಕ್ಕದಾಗಿ ಬರೆದು ಕಳಿಸಿದರೆ, ದಿನಕ್ಕೆ ಸಾವಿರ ಪದ ಬರೆಯುವ ಶಿಸ್ತಿನ ಲಂಡನ್ ತನಗೆ ಒಗ್ಗುವಂಥವನ್ನು ಆರಿಸಿ ಹಣ ಕಳಿಸುತ್ತಿದ್ದ. ಇದೇ ಹುಡುಗ 1930ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಮೊದಲ ಅಮೆರಿಕನ್ನನಾದ ಎಂದು ತಿಳಿದಾಗ ಮನಸ್ಸು ಮರುಗುತ್ತದೆ: ಹೆಸರಾದವನೊಬ್ಬ ಬಡ ಹುಡುಗನ ಕಲ್ಪನೆಯನ್ನು ಕಡಲೆಪುರಿಯ ಬೆಲೆಗೆ ಕೊಂಡುಬಿಟ್ಟನಲ್ಲ! ಆದರೆ ಈ ವ್ಯಾಪಾರವನ್ನು ನೋಡಿದಷ್ಟೂ ನನಗೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಮಾರಿ ಕೈತೊಳೆದುಕೊಳ್ಳಬಹುದಾದ ಎಳೆ ಮಾರುವವನಿಗೆ ಇನ್ನೂ ತನ್ನದಾಗಿರುವುದಿಲ್ಲ. ನಿಜವಾಗಿ ತನ್ನದಾದುದನ್ನು ಮಾರಬೇಕೆಂದರೂ ಮಾರಲಾಗುವುದಿಲ್ಲ.

ಲಂಡನ್ ಕೊಂಡ ಎಳೆಗಳಲ್ಲಿ ಎಲ್ಲಕ್ಕಿಂತ ಚೆಂದದ್ದು ‘ದಿ ಅಸಾಸಿನೇಷನ್ ಬ್ಯೂರೋ’ ಕಾದಂಬರಿಯದು. ಹಣ ಪಡೆದು ಕೊಲ್ಲುವ ಒಂದು ಗುಪ್ತ ಸಂಸ್ಥೆ ಇದೆ. ಸಾಯಬೇಕಾದವನು ಸಮಾಜಕ್ಕೆ ಕಂಟಕ ಎಂದು ರುಜುವಾತಾದರೆ ಮಾತ್ರ ಅದು ಕೊಲೆಯನ್ನು ಒಪ್ಪಿಕೊಳ್ಳುತ್ತದೆ. ಒಂದು ದಿನ ಒಬ್ಬ ಬಂದು, ಆ ಸಂಸ್ಥೆಯ ಮುಖ್ಯಸ್ಥನನ್ನೇ ಕೊಲ್ಲಬೇಕೆಂದು ಆ ಮುಖ್ಯಸ್ಥನೆದುರೇ ವಾದಿಸಿ ಗೆಲ್ಲುತ್ತಾನೆ. ನೀತಿಗೆ ಕಟ್ಟುಬಿದ್ದ ಮುಖ್ಯಸ್ಥ ತನ್ನ ಸಾವಿಗೆ ತಾನೇ ಆಜ್ಞೆ ಹೊರಡಿಸುತ್ತಾನೆ. ನಾಲ್ಕು ವಾಕ್ಯದಲ್ಲಿ ಹೇಳಿದರೂ ಕೇಳಿದವರ ಕಿವಿ ನಿಮಿರುತ್ತದೆ. ಲಂಡನ್ ಸುಮಾರು 20,000 ಪದ ಬರೆದ, ಮುಂದೆ ದಾರಿ ಕಾಣದೆ ಕೈಬಿಟ್ಟ. 1916ರಲ್ಲಿ ಅವನು ತೀರಿಕೊಂಡಾಗಲೂ ಅದು ಅರ್ಧಕ್ಕೇ ನಿಂತಿತ್ತು. ರಾಬರ್ಟ್ ಫಿಶ್ ಎಂಬ ಇನ್ನೊಬ್ಬ ಲೇಖಕ ಅದನ್ನು ಮುಗಿಸಿ 1963ರಲ್ಲಿ ಪುಸ್ತಕ ಹೊರಬರುವ ಹೊತ್ತಿಗೆ ಎಳೆ ಕೊಟ್ಟವನೂ ಇರಲಿಲ್ಲ, ಕೊಂಡವನೂ ಇರಲಿಲ್ಲ. ಎಳೆಯಲ್ಲಿ ಕೊರತೆಯಿರಲಿಲ್ಲ, ಲಂಡನ್ನನ ಕಸುಬಿನಲ್ಲೂ ಇರಲಿಲ್ಲ. ಆದರೆ ಇಬ್ಬರಲ್ಲಿ ಯಾರೂ ಅದರೊಳಗೆ ಬಾಳಿದವರಲ್ಲ.

ಇದಕ್ಕೆ ಎದುರಾಗಿ ‘ದಿ ಅಬಿಸ್ಮಲ್ ಬ್ರೂಟ್’ ಅನ್ನು ಹಿಡಿದು ತೋರಿಸಬಹುದು. ಅದೂ ಲೂಯಿಸ್ ಕೊಟ್ಟ ಎಳೆಯೇ, 1913ರಲ್ಲಿ ಪುಸ್ತಕವಾಗಿ ಬಂತು, ಎಲ್ಲೂ ತಡವರಿಸುವುದಿಲ್ಲ. ಕಾಡಿನಲ್ಲಿ ಬೆಳೆದ ಹುಡುಗನೊಬ್ಬ ಬಾಕ್ಸಿಂಗ್ ಕಣಕ್ಕೆ ಬಂದು, ಪಂದ್ಯಗಳ ಫಲಿತಾಂಶ ಮೊದಲೇ ಗೊತ್ತುಮಾಡಿಕೊಂಡ ಮೋಸವೆಂದು ಕಂಡುಕೊಳ್ಳುವ ಕಥೆ. ಅದು ಏಕೆ ಕೈಗೂಡಿತು? ಲಂಡನ್ ಸ್ವತಃ ಬಾಕ್ಸಿಂಗ್ ಗ್ಲೌಸ್ ತೊಟ್ಟವನು; ಅದೇ 1910ರ ಜುಲೈ 4ರಂದು ರೀನೋದಲ್ಲಿ ಜಾನ್ಸನ್–ಜೆಫ್ರೀಸ್ ಪಂದ್ಯವನ್ನು ಕಣದ ಪಕ್ಕದಲ್ಲೇ ಕೂತು ಪತ್ರಿಕೆಗೆ ವರದಿ ಮಾಡಿದವನು. ಎಳೆ ಬೇರೆಯವನದಾದರೂ ಆ ಕಥೆ ಅವನ ಮೈಯಲ್ಲಿತ್ತು. ಬಿತ್ತಿದ್ದು ಎರವಲು ಬೀಜ ನಿಜ, ಮಣ್ಣು ಮಾತ್ರ ಅವನದು.

ರಷ್ಯದ ಲೇಖಕ ಗೊಗೊಲ್‌ನ ಉದಾಹರಣೆ ಇನ್ನೂ ಗಟ್ಟಿಯಾದ ಆಕ್ಷೇಪ. ಕಥಾವಸ್ತು ಒಂದನ್ನು ಕೊಡು ಎಂದು ಅವನು 1835ರಲ್ಲಿ ಕವಿ ಪುಷ್ಕಿನ್‌ಗೆ ಪತ್ರ ಬರೆದು ಬೇಡಿಕೊಂಡ. ‘ಮೃತಾತ್ಮರು’ ಕಾದಂಬರಿಯ ಎಳೆಯನ್ನು ತನಗೆ ಕೊಟ್ಟವನು ಪುಷ್ಕಿನ್ ಎಂದೂ, ತಾನೇ ಬರೆಯಬೇಕೆಂದು ಅವನು ಇಟ್ಟುಕೊಂಡಿದ್ದ ವಸ್ತು ಅದೆಂದೂ ಮುಂದೆ ಗೊಗೊಲ್ ಹೇಳಿಕೊಂಡ. ಹಾಗಿದ್ದರೆ ತನ್ನದನ್ನೂ ದಾಟಿಸಬಹುದು ಎಂದಂತಾಯಿತಲ್ಲ? ಪುಸ್ತಕ ಓದಿದವರನ್ನು ಕೇಳಿ ನೋಡಬೇಕು. ಸತ್ತ ಜೀತಗಾರರ ಹೆಸರುಗಳನ್ನು ಕೊಂಡು ಹಣ ಮಾಡುವ ತಂತ್ರ ಹೇಗೆ ಮುಗಿಯಿತೆಂದು ಅವರಿಗೆ ನೆನಪಿರಲಿಕ್ಕಿಲ್ಲ. ನೆನಪಿರುವುದು ಒಬ್ಬೊಬ್ಬ ಜಮೀನ್ದಾರನ ಮನೆ, ಕೂಡಿಟ್ಟು ಕೂಡಿಟ್ಟು ಕೊಳೆತು ನಾರುವ ಪ್ಲ್ಯುಷ್ಕಿನ್‌ನ ಅಂಗಳ. ಪುಷ್ಕಿನ್ ಕೊಟ್ಟದ್ದು ದಾರಿ, ದಾರಿಯುದ್ದಕ್ಕೂ ಕಂಡದ್ದೆಲ್ಲ ಗೊಗೊಲ್‌ನದು. ಕನ್ನಡದವರಿಗೆ ಇದು ಹೊಸ ಮಾತೇನಲ್ಲ. ನಾಟ್ಯಶಾಸ್ತ್ರ ನಾಟಕದ ಕಥೆಯನ್ನು ಕಟ್ಟುವ ಐದು ಅರ್ಥಪ್ರಕೃತಿಗಳಲ್ಲಿ ಬೀಜವನ್ನೇ ಮೊದಲು ಎಣಿಸಿತು, ಆದರೆ ಬೀಜವನ್ನೇ ಮರವೆಂದು ಕರೆಯಲಿಲ್ಲ. ಭೀಮ ದುರ್ಯೋಧನರ ಗದಾಯುದ್ಧದ ಕಥೆ ಗೊತ್ತಿಲ್ಲದ ಕೇಳುಗ ಕವಿ ರನ್ನನ ಕಾಲದಲ್ಲಿ ಯಾರಿದ್ದ? ಸತ್ತ ಗೆಳೆಯನನ್ನು, ತಮ್ಮನನ್ನು, ವೈರಿಯ ಮಗನನ್ನೂ ರಣಭೂಮಿಯಲ್ಲಿ ಕಂಡು ಕರಗುವ ರನ್ನನ ದುರ್ಯೋಧನನನ್ನು ಮಾತ್ರ ಬೇರೊಬ್ಬರಿಂದ ಕೊಳ್ಳುವಂತಿರಲಿಲ್ಲ.

ಹಾಗೆಂದು ಎಳೆ ಕೊಟ್ಟವನಿಗೆ ಏನೂ ಸಲ್ಲಬೇಕಿಲ್ಲ ಎಂದು ನಾನು ಹೇಳುತ್ತಿಲ್ಲ. ಕಾನೂನು ಅವನ ಪರವಾಗಿಲ್ಲ. ನಮ್ಮ ಸುಪ್ರೀಂ ಕೋರ್ಟ್ ಕೂಡ 1978ರಲ್ಲಿ ಆರ್. ಜಿ. ಆನಂದ್ ಪ್ರಕರಣದಲ್ಲಿ, ವಿಚಾರಕ್ಕೂ ಕಥಾವಸ್ತುವಿಗೂ ಕೃತಿಸ್ವಾಮ್ಯ ಇಲ್ಲ, ಅದನ್ನು ನಿರೂಪಿಸಿದ ಬಗೆಗೆ ಮಾತ್ರ ಉಂಟು ಎಂದಿತು. ಬೇರೆ ರೀತಿ ಹೇಳಿದ್ದರೆ ಕಥೆ ಬರೆಯುವವರೆಲ್ಲ ಕೋರ್ಟಿನಲ್ಲೇ ಕೂರಬೇಕಾಗುತ್ತಿತ್ತು, ಆದ್ದರಿಂದ ತೀರ್ಪು ಸರಿಯೇ. ಆದರೆ ಕೋರ್ಟು ತೀರಿಸಲು ಬಾರದ ಋಣ ಎಂಬುದೊಂದಿದೆ, ಗೊಗೊಲ್ ಅದನ್ನು ಬಾಯಿಬಿಟ್ಟು ಹೇಳಿ ತೀರಿಸಿದ. ಲೂಯಿಸನೂ ಅದನ್ನು ಮರೆಯಲಿಲ್ಲ. 1925ರ ‘ಆರೋಸ್ಮಿತ್’ಗೆ ಪ್ರಯೋಗಾಲಯದ ಒಳವಿವರಗಳನ್ನು ಒದಗಿಸಿದ ಬ್ಯಾಕ್ಟೀರಿಯಾ ತಜ್ಞ ಪಾಲ್ ಡಿ ಕ್ರೈಫ್‌ಗೆ ರಾಯಲ್ಟಿಯಲ್ಲಿ ಕಾಲು ಭಾಗ ಕೊಟ್ಟ, ಪುಸ್ತಕದ ಮೊದಲಲ್ಲೇ ಅವನ ಉಪಕಾರವನ್ನು ಬರೆದ. ಎಳೆಗಳನ್ನು ಮಾರಿ ದಿನ ದೂಡಿದವನಿಗೆ ಆ ಕಾಲು ಭಾಗದ ಬೆಲೆ ಗೊತ್ತಿದ್ದಿರಬೇಕು ಎಂದು ನನಗೆ ಅನಿಸುತ್ತದೆ.

ಬಡತನವಿತ್ತು, ಇದ್ದುದನ್ನೆಲ್ಲ ಮಾರಿದ, ಇದರಲ್ಲಿ ತತ್ತ್ವವೇನು ಬಂತು ಎಂದು ಕೇಳುವವರೂ ಇರಬಹುದು. ಆದರೆ ಇದ್ದುದನ್ನೆಲ್ಲ ಅವನು ಮಾರಲಿಲ್ಲ. 1905ರಲ್ಲೇ, ಯೇಲ್‌ನಿಂದ ರಜೆಗೆ ಊರಿಗೆ ಬಂದಿದ್ದಾಗ, ಸಣ್ಣ ಊರು ಮನುಷ್ಯನನ್ನು ಹೇಗೆ ಒಳಗಿನಿಂದ ತಿನ್ನುತ್ತದೆ ಎಂಬ ಒಂದು ಕಾದಂಬರಿ ಅವನ ತಲೆಗೆ ಬಂದಿತ್ತು. ಹಳ್ಳಿಯ ಸೋಂಕು ಎಂಬರ್ಥದ ಹೆಸರನ್ನೂ ಇಟ್ಟಿದ್ದ. ಐದು ಡಾಲರಿಗೆ ಒಂದರಂತೆ ಎಳೆ ಮಾರುತ್ತಿದ್ದ ದಿನಗಳಲ್ಲೂ ಅದು ಅವನ ಹತ್ತಿರವೇ ಉಳಿಯಿತು. ಮಾರಲು ಹೊರಟಿದ್ದರೂ ಹೇಗೆ ಹೇಳುತ್ತಿದ್ದ? ಓದಿದ ಹುಡುಗಿಯೊಬ್ಬಳು ಡಾಕ್ಟರನನ್ನು ಮದುವೆಯಾಗಿ ಸಣ್ಣ ಊರಿಗೆ ಬರುತ್ತಾಳೆ, ಊರನ್ನು ತಿದ್ದಲು ಹೋಗಿ ಸೋಲುತ್ತಾಳೆ, ಬಿಟ್ಟು ಹೋಗುತ್ತಾಳೆ, ತಿರುಗಿ ಬರುತ್ತಾಳೆ. ಇದಕ್ಕೆ ಲಂಡನ್ ಐದು ಸೆಂಟನ್ನೂ ಕೊಡುತ್ತಿರಲಿಲ್ಲ. ಹದಿನೈದು ವರ್ಷ ಕಳೆದು 1920ರಲ್ಲಿ ಅದೇ ‘ಮೇನ್ ಸ್ಟ್ರೀಟ್’ ಆಗಿ ಬಂತು, ಮೊದಲ ಆರು ತಿಂಗಳಲ್ಲಿ 1,80,000 ಪ್ರತಿ ಹೋಯಿತು. ಅದರಲ್ಲಿ ಹೊಸದಾಗಿ ಬಂದ ಕ್ಯಾರಲ್ ಊರು ನೋಡಲು ಹೊರಡುತ್ತಾಳೆ. 32 ನಿಮಿಷದಲ್ಲಿ ಊರೇ ಮುಗಿದುಹೋಗುತ್ತದೆ. ದಿನಸಿ ಅಂಗಡಿಯ ಕಿಟಕಿಯಲ್ಲಿ ಕಪ್ಪಾದ ಬಾಳೆಹಣ್ಣು, ಲೆಟ್ಯೂಸ್ ಸೊಪ್ಪು, ಸೊಪ್ಪಿನ ಮೇಲೆ ಮಲಗಿ ನಿದ್ದೆಹೋದ ಒಂದು ಬೆಕ್ಕು. ಅವಳಿಗೆ ಓಡಿಹೋಗಬೇಕೆನಿಸುತ್ತದೆ. ಅದೇ ಹೊತ್ತಿಗೆ ಅದೇ ಬೀದಿಯಲ್ಲಿ, ಹೊಲದ ಮನೆ ಬಿಟ್ಟು ಕೆಲಸ ಹುಡುಕಿಕೊಂಡು ಬಂದ ಬೀ ಎಂಬ ಹುಡುಗಿಯೂ ನಡೆಯುತ್ತಿರುತ್ತಾಳೆ; ಇಷ್ಟೊಂದು ಅಂಗಡಿ, ಇಷ್ಟೊಂದು ಜನ, ಇಷ್ಟೊಂದು ಬೆಳಕು ಎಂದು ಅವಳ ಕಣ್ಣು ಅರಳುತ್ತದೆ, ಇಲ್ಲೇ ಇದ್ದುಬಿಡಬೇಕೆಂದು ಅವಳು ತೀರ್ಮಾನಿಸುತ್ತಾಳೆ.