ಮಳೆಗಾಲದಲ್ಲಿ ಬ್ಯಾಗು ತೊಳೆಯುವುದು

ಜೂನ್ ತಿಂಗಳಲ್ಲಿ ನಮ್ಮ ಬಣಕಲ್‌ನಲ್ಲಿ ಮಳೆ ಹಿಡಿದರೆ ಎಲ್ಲರ ಬ್ಯಾಗಿಗೂ ಒಂದೇ ವಾಸನೆ. ಚಾರ್ಮಾಡಿ ಕಡೆಯಿಂದ ಮೋಡ ಏರಿ ಬಂದರೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಂದರೂ ಬ್ಯಾಗಿನ ತಳ ನೆನೆಯುತ್ತದೆ. ಹಾಗೇ ಮೂಲೆಯಲ್ಲಿ ಇಟ್ಟರೆ ಬಿಳಿ ಬೂಷ್ಟು ಬರುತ್ತದೆ. ಬೂಷ್ಟು ಎಂದರೆ ವಿಜ್ಞಾನ ಪಾಠದಲ್ಲಿ ಬರುವ ಶಿಲೀಂಧ್ರ. ಅದು ಬಟ್ಟೆಯಲ್ಲೇ ಇರುವುದಿಲ್ಲ, ಪುಸ್ತಕದ ರಟ್ಟಿಗೂ ಹತ್ತುತ್ತದೆ. ನನ್ನ ಬ್ಯಾಗು ಅಕ್ಕ ಬಿಟ್ಟಿದ್ದು. ಹೊಸದು ಏನಿದ್ದರೂ ಕಾಫಿ ಕುಯ್ಲು ಮುಗಿದ ಮೇಲೆ ಎಂದು ಅಪ್ಪ ಹೇಳಿದ್ದಾರೆ. ಅಲ್ಲಿವರೆಗೆ ಇದೇ ಬಾಳಿಕೆ ಬರಬೇಕು.

ತೊಳೆಯೋಕೆ ಸೋಪಿನ ಪುಡಿ ಬೇಡ, ಬಣ್ಣ ಹೋಗುತ್ತೆ ಅಂದರು ಅಜ್ಜಿ. ಅಂಟುವಾಳದ ಕಾಯಿ ಕೊಟ್ಟರು. ಬೆಂಗಳೂರಿನಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆ ಶುರುವಾಗಿದ್ದು ಆಮೇಲೆ. ಅದಕ್ಕೂ ಎಷ್ಟೋ ಮೊದಲಿನಿಂದ ಜನ ಅಂಟುವಾಳ, ಸೀಗೆಕಾಯಿ, ಬೂದಿನೀರುಗಳಲ್ಲೇ ತೊಳೆಯುತ್ತಿದ್ದರು. ಅಂಟುವಾಳದ ಸಿಪ್ಪೆಯಲ್ಲಿ ಸಪೋನಿನ್ ಎಂಬ ಪದಾರ್ಥ ಇದೆ. ನೊರೆ ಬರುವುದು ಅದರಿಂದ.

ಹತ್ತು ಕಾಯಿಯ ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ಬಿಸಿನೀರಿಗೆ ಹಾಕಿಟ್ಟೆ. ಬೆಳಿಗ್ಗೆ ಕಿವುಚಿ ಸೋಸಿದಾಗ ಕಂದು ನೀರು, ಮೇಲೆ ನೊರೆ. ಕಣ್ಣಿಗೆ ಬೀಳಬಾರದು, ವಿಪರೀತ ಉರಿಯುತ್ತದೆ. ಬ್ಯಾಗಿನ ಬೂಷ್ಟನ್ನು ಮೊದಲು ಮನೆಯ ಹೊರಗೇ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೊಡವಿದೆ. ಒಳಗೆ ಕೊಡವಿದರೆ ಮನೆ ತುಂಬಾ ಹರಡುತ್ತದೆ. ಆಮೇಲೆ ಅಂಟುವಾಳದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೇ ಬ್ರಶ್ಶಿನಲ್ಲಿ ಹೊಲಿಗೆಯ ಸಂದುಗಳನ್ನು ಉಜ್ಜಿದೆ. ಕೆಸರು ಹೋಯಿತು. ಬಾಲ್ ಪೆನ್ನಿನ ಇಂಕು ಯಾವುದಕ್ಕೂ ಜಗ್ಗಲಿಲ್ಲ.

ಬುತ್ತಿಯ ಸಾರು ಚೆಲ್ಲಿ ಆದ ಅರಿಶಿನದ ಕಲೆಯೂ ಇತ್ತು. ಅದಕ್ಕೆ ಅಡುಗೆ ಸೋಡ ಹಚ್ಚಿದರೆ ಹಳದಿ ಕಲೆ ಕೆಂಪಾಯಿತು! ಅವ್ವ ಗಾಬರಿಯಾದರು. ನಾನು ಆಗಲಿಲ್ಲ, ಏಕೆಂದರೆ ಆಮ್ಲ ಮತ್ತು ಪ್ರತ್ಯಾಮ್ಲ ಪಾಠದಲ್ಲಿ ಅರಿಶಿನ ಒಂದು ಸೂಚಕ ಎಂದು ಓದಿದ್ದೇವಲ್ಲ. ಸೋಡ ಪ್ರತ್ಯಾಮ್ಲ, ಅದಕ್ಕೆ ಕೆಂಪು. ನಿಂಬೆರಸ ಹಿಂಡಿದೆ, ಮತ್ತೆ ಹಳದಿ. ಅವ್ವ ನೋಡಲಿ ಎಂದು ಎರಡು ಸಲ ಮಾಡಿದೆ. ಕೆಲವರು ಸೋಡ ನಿಂಬೆ ಎರಡನ್ನೂ ಒಟ್ಟಿಗೆ ಕಲಸಿ ಹಚ್ಚುತ್ತಾರೆ. ಬುರುಬುರು ನೊರೆ ಬರುವುದೇನೋ ಚೆಂದ, ಆದರೆ ಒಂದರ ಶಕ್ತಿಯನ್ನು ಇನ್ನೊಂದು ಕಳೆದುಬಿಡುತ್ತದೆ.

ನಮ್ಮ ಊರಿನಲ್ಲಿ ತೊಳೆಯುವುದು ಕಷ್ಟವೇ ಅಲ್ಲ, ಒಣಗಿಸುವುದೇ ಕಷ್ಟ. ಬ್ಯಾಗಿನ ಪಟ್ಟಿಯೊಳಗೆ ಸ್ಪಂಜು ಇದೆ. ಮೇಲೆ ಮುಟ್ಟಿದರೆ ಒಣಗಿದ ಹಾಗೆ, ಹಿಂಡಿದರೆ ನೀರು. ಆ ಒದ್ದೆ ಉಳಿದರೆ ಎಷ್ಟು ತೊಳೆದರೂ ಬೂಷ್ಟು ಮತ್ತೆ ಬರುತ್ತದೆ. ಅದಕ್ಕೆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ತಕ್ಷಣ ನೆನೆಸಿ ತೊಳೆಯಿರಿ, ಒಂದೂವರೆ ದಿನ ಸಿಗುತ್ತದೆ. ನಾನು ಜಿಪ್ಪುಗಳನ್ನೆಲ್ಲ ತೆಗೆದು, ತಲೆಕೆಳಗೆ ಮಾಡಿ, ಬಚ್ಚಲೊಲೆಯಿಂದ ಎರಡು ಮಾರು ದೂರಕ್ಕೆ ತೂಗುಹಾಕಿದೆ. ಹತ್ತಿರ ಬೇಡ, ನೈಲಾನ್ ಕರಗುತ್ತದೆ. ಗಂಟೆಗೊಮ್ಮೆ ಪಟ್ಟಿಯನ್ನು ಒಣ ಬಟ್ಟೆಯಲ್ಲಿ ಸುತ್ತಿ ಹಿಂಡಿದೆ.

ಸೋಮವಾರ ಬೆಳಿಗ್ಗೆ ಒಣಗಿತ್ತು. ಸ್ವಲ್ಪ ಹೊಗೆ ವಾಸನೆ ಇದೆ, ಬೂಷ್ಟಿನ ವಾಸನೆಗಿಂತ ಎಷ್ಟೋ ವಾಸಿ. ಅರಿಶಿನದ ಕಲೆ ಮಾತ್ರ ಹಾಗೇ ಇದೆ. ಅದು ಬಿಸಿಲಿಗೆ ಮಾಸುತ್ತದಂತೆ. ಬಿಸಿಲು ಬರಲಿ, ನೋಡೋಣ.