ಕೆಂಪು ಗೆರೆ ಮತ್ತು ನನ್ನ ಎಕ್ಸೆಲ್ ಶೀಟು

ಮಾರ್ಚ್ ತಿಂಗಳ ಒಂದು ರಾತ್ರಿ ಹನ್ನೊಂದಕ್ಕೆ ಕಾಕಾನ ಮಗಳು ಫೋನ್ ಮಾಡಿದಳು. ನಮ್ಮೂರ ಕಡೆಯಿಂದ ಆ ಹೊತ್ತಿಗೆ ಫೋನ್ ಬಂತೆಂದರೆ ಎರಡೇ ಅರ್ಥ. ಯಾರೋ ತೀರಿಕೊಂಡರು, ಇಲ್ಲಾ ಯಾರದೋ ಮದುವೆ ಮುರಿಯಿತು. ಎದೆ ಗಟ್ಟಿ ಮಾಡಿಕೊಂಡೇ ಎತ್ತಿದೆ.

"ಅಣ್ಣಾ, ಗೇಟ್ ರಿಸಲ್ಟ್ ಬಂತು. ಪ್ಲಾನಿಂಗ್‌ಗೆ ಯಾವ ಯೂನಿವರ್ಸಿಟಿ ಹಾಕ್ಲಿ ಹೇಳು."

ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಮುಗಿಸಿದ ಹುಡುಗಿ. ನಗರ ಮತ್ತು ಪ್ರಾದೇಶಿಕ ಯೋಜನೆಯಲ್ಲಿ ಮಾಸ್ಟರ್ಸ್ ಮಾಡಬೇಕು ಅಂತ ತಲೆಗೆ ಹೊಕ್ಕಿತ್ತು. ಮನೆಯಲ್ಲಿ ಇದನ್ನು ಯಾರಿಗೂ ತಿಳಿಸಿ ಹೇಳೋಕೆ ಆಗಿರಲಿಲ್ಲ. ಚಿಗವ್ವನಂತೂ ಅದು ಫ್ಯಾಮಿಲಿ ಪ್ಲಾನಿಂಗ್ ಆಫೀಸಿನ ನೌಕರಿ ಅಂದುಕೊಂಡು, "ಗಂಡು ನೋಡೋ ಮುಂದ ಅದನ್ನ ಹೇಳಬ್ಯಾಡವಾ" ಅಂದಿದ್ದಳಂತೆ.

ನಾನು ಸಾಫ್ಟ್‌ವೇರಿನವನು. ಪ್ರಶ್ನೆ ಬಂದರೆ ಮೊದಲು ಎಕ್ಸೆಲ್ ತೆಗೆಯುತ್ತೇನೆ. ಮರುದಿನ ಆಫೀಸಿನ ಒಂದು ಬೋರು ಮೀಟಿಂಗ್‌ನಲ್ಲಿ ಕೂತು ಶೀಟು ತಯಾರು ಮಾಡಿದೆ. ದೆಹಲಿ, ಭೋಪಾಲ, ವಿಜಯವಾಡದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ಗಳು, ಅಹಮದಾಬಾದಿನ ಸೆಪ್ಟ್, ಖರಗ್‌ಪುರ ಮತ್ತು ರೂರ್ಕಿಯ ಐಐಟಿ, ನಮ್ಮ ಮೈಸೂರು ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆ. ಕಾಲಮ್ಮುಗಳು: ಫೀ, ಸ್ಟೈಪೆಂಡು, ಹಾಸ್ಟೆಲ್ಲು, ಪ್ಲೇಸ್‌ಮೆಂಟು, ರ‍್ಯಾಂಕು, ಊರಿಂದ ದೂರ. ಪ್ರತಿಯೊಂದಕ್ಕೂ ಒಂದೊಂದು ತೂಕ. ಫಾರ್ಮುಲಾ ಎಳೆದ ಕೂಡಲೇ ದೆಹಲಿ ಮೇಲೆ ಬಂತು, ಮೈಸೂರು ಕೆಳಗೆ ಹೋಯಿತು. ಹಸಿರು ಕೆಂಪು ಬಣ್ಣ ಕೂಡ ಹಾಕಿ ಕಳಿಸಿದೆ. ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಹದಿನೈದು ವರ್ಷದ ಹಿಂದೆ ನಾನೂ ಹೀಗೇ ಆರಿಸಿಕೊಂಡಿದ್ದು. ಸಿಇಟಿ ರ‍್ಯಾಂಕಿಗೆ ಸಿಗುವ ಕಾಲೇಜುಗಳಲ್ಲಿ ಕ್ಯಾಂಪಸ್‌ಗೆ ಎಷ್ಟು ಕಂಪನಿ ಬರ್ತಾವೆ ಅಂತ ಎಣಿಸಿದ್ದು ಬಿಟ್ಟರೆ, ಅಲ್ಲಿ ಏನು ಕಲಿಸ್ತಾರೆ ಅಂತ ನಾನು ಯಾರನ್ನೂ ಕೇಳಿರಲಿಲ್ಲ. ಕೇಳಬೇಕು ಅಂತ ಗೊತ್ತೂ ಇರಲಿಲ್ಲ.

ಆಕೆಯ ಉತ್ತರ ಒಂದೇ ಸಾಲು. "ಅಣ್ಣಾ, ಸ್ಟುಡಿಯೋಕ್ಕ ಯಾವ ಊರಿಗೆ ಕರ್ಕೊಂಡು ಹೋಗ್ತಾರ ಅನ್ನೋ ಕಾಲಮ್ಮ ಇಲ್ಲಲ್ಲ?"

ಪ್ಲಾನಿಂಗ್ ಓದಿನಲ್ಲಿ ಸ್ಟುಡಿಯೋ ಅಂದರೆ ನಿಜವಾದ ಒಂದು ಊರನ್ನು ಹಿಡಿದು, ಅದರ ನೀರು, ರಸ್ತೆ, ಮನೆ, ಸಂತೆ ಎಲ್ಲ ಅಳೆದು, ನಕ್ಷೆ ಬರೆದು ಮುಂದಿನ ಇಪ್ಪತ್ತು ವರ್ಷಕ್ಕೆ ಏನು ಬೇಕು ಅಂತ ತೋರಿಸುವ ಕೆಲಸ. ಓದಿನ ಅರ್ಧ ಜೀವ ಅದರಲ್ಲೇ. ಇವಳು ಆಗಲೇ ಲಿಂಕ್ಡ್‌ಇನ್‌ನಲ್ಲಿ ಆರೇಳು ಸೀನಿಯರ್‌ಗಳನ್ನು ಹುಡುಕಿ ಕೇಳಿದ್ದಳು. ಹಿಂದಿನ ಎರಡು ವರ್ಷ ಯಾವ ಊರು ತಗೊಂಡಿದ್ರಿ, ಥೀಸಿಸ್ ಯಾವುದರ ಮೇಲೆ ಅಂತ. ಬಹಳ ಜನ ಮೆಟ್ರೋ, ಮೆಟ್ರೋ ಸ್ಟೇಷನ್ನಿನ ಅಕ್ಕಪಕ್ಕದ ಕಟ್ಟಡ, ಸ್ಮಾರ್ಟ್ ಸಿಟಿ ಅಂದರು. ಒಬ್ಬರು ಮಾತ್ರ ಸಣ್ಣ ಊರಿನ ಮೇಲೆ ಕೆಲಸ ಮಾಡಿದ್ದರು. "ನಮ್ಮ ಕಡೆ ಮೆಟ್ರೋ ಯಾವಾಗ ಬರ್ತದ ಅಣ್ಣಾ?" ಅಂತ ಕೇಳಿದಳು. ನಾನು ನಕ್ಕೆ. ಅವಳು ನಗಲಿಲ್ಲ.

ನನ್ನ ಶೀಟಿನಲ್ಲಿ ಇಲ್ಲದ ಇನ್ನೊಂದು ಸಂಗತಿ ಇತ್ತು. ಅದು ನನಗೆ ಗೊತ್ತಾದದ್ದು ಊರಿಗೆ ಹೋದಾಗಲೇ.

ಕಾಕಾನದು ಬ್ಯಾಡಗಿಯ ಮುಖ್ಯ ರಸ್ತೆಯಲ್ಲಿ ಚೀಲ, ಹಗ್ಗ, ತಾಡಪತ್ರಿ ಮಾರುವ ಅಂಗಡಿ. ನಮ್ಮಜ್ಜ ಹಾಕಿದ್ದು. ಮೆಣಸಿನಕಾಯಿ ಸೀಸನ್ನಿನಲ್ಲಿ ಅಲ್ಲಿ ಕೂರಲು ಜಾಗ ಇರುವುದಿಲ್ಲ, ಉಳಿದ ಆರು ತಿಂಗಳು ಕಾಕಾ ಪೇಪರ್ ಓದುತ್ತಾನೆ. ಆ ರಸ್ತೆ ಅಗಲ ಮಾಡಬೇಕು, ಮಾಡಬಾರದು ಅನ್ನುವ ಜಗಳ ಬ್ಯಾಡಗಿಯಲ್ಲಿ ಎಷ್ಟೋ ವರ್ಷದ್ದು. ಮಾಡಿ ಅಂತ ಧರಣಿ ಕೂತವರೂ ಇದ್ದಾರೆ, ಬೇಡ ಅಂತ ಕೋರ್ಟಿಗೆ ಹೋದವರೂ ಇದ್ದಾರೆ. ಎರಡೂ ಕಡೆ ನಮ್ಮ ಬೀಗರೇ. ಕಾಕಾನ ಅಂಗಡಿಯ ಗೋಡೆಯ ಮೇಲೆ ಒಂದು ಕೆಂಪು ಬಣ್ಣದ ಗೆರೆ ಬಿದ್ದಿತ್ತು. ಇಪ್ಪತ್ತೆರಡು ಫೂಟು ಉದ್ದದ ಅಂಗಡಿಯಲ್ಲಿ ಒಂಬತ್ತು ಫೂಟು ಗೆರೆಯ ಆಚೆ.

ಅದಕ್ಕೇ ಅವನಿಗೆ ಪ್ಲಾನಿಂಗ್ ಅನ್ನುವ ಶಬ್ದ ಕೇಳಿದರೆ ಆಗುತ್ತಿರಲಿಲ್ಲ. "ಮಗಳನ್ನ ಓದಿಸಿ ನನ್ನ ಅಂಗಡಿ ಕೆಡವಾಕ ಕಳಸ್ಬೇಕೇನು?" ಅನ್ನುತ್ತಿದ್ದ.

ಸೋಮವಾರ ರಜೆ ಹಾಕಿದ್ದೆ. ಸೋಮವಾರ, ಗುರುವಾರ ಬ್ಯಾಡಗಿ ಮಾರ್ಕೆಟ್ಟಿನ ದಿನ. ತಂಗಿ ಬೆಳಿಗ್ಗೆ ಏಳಕ್ಕೇ ಒಂದು ಟೇಪು, ನೋಟ್‌ಬುಕ್ಕು ಹಿಡಿದು ನನ್ನನ್ನು ಎಬ್ಬಿಸಿದಳು. ರಸ್ತೆಯ ಅಂಚಿಗೆ ನಿಂತು ಲಾರಿ ಎಣಿಸುವ ಕೆಲಸ ನನಗೆ ಬಿತ್ತು. ನಮ್ಮ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ ಅಂತ ಜಗತ್ತಿಗೇ ಗೊತ್ತು, 2011ರಲ್ಲಿ ಜಿಐ ಟ್ಯಾಗ್ ಕೂಡ ಬಂತು. ಆದರೆ ಆ ಘಾಟಿಗೆ ಅದು ಗೊತ್ತಿಲ್ಲ. ಹತ್ತು ನಿಮಿಷಕ್ಕೆ ಮೂಗು, ಕಣ್ಣು ಎಲ್ಲ ಹರಿಯಲು ಶುರು. ಸೀನುತ್ತ ಎಣಿಸಿದೆ. ಎಪಿ ನಂಬರಿನವು ಎಷ್ಟು, ಬಳ್ಳಾರಿ, ರಾಯಚೂರಿನವು ಎಷ್ಟು, ಕೇಳಿ ಕೇಳಿ ಬರೆದುಕೊಂಡಳು.

"ನೋಡು, ಕಾಯಿ ಬೆಳೆಯೋದು ಎಲ್ಲೋ, ಮಾರೋದು ಇಲ್ಲಿ. 30 ಸಾವಿರ ಮಂದಿಯ ಊರಾಗ ಒಂದ ದಿನಕ್ಕ ಲಕ್ಷಗಟ್ಟಲೆ ಚೀಲ ಬರ್ತಾವ. ಈ ರಸ್ತೆ ಪ್ರಶ್ನಿ ಈ ಊರಿಂದಲ್ಲ, ನಾಲ್ಕು ಜಿಲ್ಲಾದ್ದು. ಅದಕ್ಕ ಬರೀ ಅರ್ಬನ್ ಸಾಕಾಗಂಗಿಲ್ಲ, ರೀಜನಲ್ ಬೇಕು."

ಕೋರ್ಸಿನ ಹೆಸರಿನಲ್ಲಿರುವ ಆ ಎರಡನೇ ಶಬ್ದಕ್ಕೆ ಅರ್ಥ ಇದೆ ಅಂತ ನನಗೆ ಹೊಳೆದದ್ದು ಆಗಲೇ. ಆಮೇಲೆ ನೋಡಿದಲ್ಲೆಲ್ಲ ಅದೇ ಕಾಣತೊಡಗಿತು. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆ ಆದಾಗ ಹಾವೇರಿ ಜಿಲ್ಲಾ ಕೇಂದ್ರ ಆಯಿತು. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ 67 ಸಾವಿರ, ತಾಲೂಕು ಕೇಂದ್ರವಾದ ರಾಣೇಬೆನ್ನೂರಿನದು ಲಕ್ಷ ದಾಟಿತ್ತು. ಬೀಜದ ವ್ಯಾಪಾರ, ಬಟ್ಟೆ ಅಂಗಡಿ, ಆಸ್ಪತ್ರೆ ಎಲ್ಲಕ್ಕೂ ಜನ ರಾಣೇಬೆನ್ನೂರಿಗೆ ಹೋಗುತ್ತಾರೆ, ಕಾಗದದ ಕೆಲಸಕ್ಕೆ ಹಾವೇರಿಗೆ. ಅಲ್ಲೂ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಡಿಸಿ ಆಫೀಸು ಇಲ್ಲ, ಅದು ದೇವಗಿರಿಯಲ್ಲಿ. ಮತ್ತೊಂದು ಬಸ್ಸು, ಇಲ್ಲಾ ಆಟೋ. ನಮ್ಮಪ್ಪ ಪಹಣಿಯ ಒಂದು ತಿದ್ದುಪಡಿಗೆ ಎಷ್ಟು ದಿನ ಹೀಗೆ ಅಲೆದಿದ್ದಾನೆ ಅಂತ ನೆನಪಾಯಿತು. ಇದನ್ನೆಲ್ಲ ಹಣೆಬರಹ ಅಂದುಕೊಂಡೇ ನಾವು ಬೆಳೆದದ್ದು. ಯಾರೋ ಒಬ್ಬರು ಕೂತು ತೀರ್ಮಾನ ಮಾಡಿದ್ದು ಅಂತ ಅನ್ನಿಸಿಯೇ ಇರಲಿಲ್ಲ.

ಹಾಗೆ ತೀರ್ಮಾನ ಮಾಡಲು ಓದಿದವರು ಎಷ್ಟಿದ್ದಾರೆ? 2021ರ ನೀತಿ ಆಯೋಗದ ವರದಿ ತೋರಿಸಿದಳು. ದೇಶದ ರಾಜ್ಯ ಇಲಾಖೆಗಳಿಗೆ 12 ಸಾವಿರಕ್ಕಿಂತ ಹೆಚ್ಚು ಟೌನ್ ಪ್ಲಾನರ್‌ಗಳು ಬೇಕು, ಮಂಜೂರಾದ ಹುದ್ದೆ 3,945, ಅದರಲ್ಲೂ ನೂರಕ್ಕೆ 42 ಖಾಲಿ. 7,933 ಪಟ್ಟಣಗಳಲ್ಲಿ ಸುಮಾರು ಶೇ. 65ಕ್ಕೆ ಮಾಸ್ಟರ್ ಪ್ಲಾನೇ ಇಲ್ಲ. ಪ್ಲಾನ್ ಇದ್ದ ಬೆಂಗಳೂರಿನ ಕಥೆಯನ್ನು ಓದುಗರಿಗೆ ನಾನು ಹೇಳಬೇಕಿಲ್ಲ, ರಿಂಗ್ ರೋಡಿನಲ್ಲಿ ಕ್ಯಾಬಿನೊಳಗೆ ಕೂತೇ ಇದನ್ನು ಓದುತ್ತಿರಬಹುದು.

ರಾತ್ರಿ ಊಟಕ್ಕೆ ಕೂತಾಗ ಕಾಕಾ ರೊಟ್ಟಿ ಮುರಿಯುತ್ತ ಕೇಳಿಯೇ ಬಿಟ್ಟ. "ಮುಂಜಾನೆಯಿಂದ ಅಳದ್ಯಲ್ಲ. ನೀನ ಆಫೀಸರ್ ಆಗಿದ್ರ ಈ ಗೆರಿ ಎಲ್ಲಿ ಹೊಡೀತಿದ್ದಿ?"

ಚಿಗವ್ವ ಪಲ್ಯ ಬಡಿಸುವುದನ್ನು ನಿಲ್ಲಿಸಿದಳು. ತಂಗಿ ಸ್ವಲ್ಪ ಹೊತ್ತು ತಾಟು ನೋಡುತ್ತ ಕೂತಳು.

"ಅಲ್ಲೇ ಹೊಡೀತಿದ್ದೆ ಅಪ್ಪಾ."

ಯಾರೂ ಮಾತಾಡಲಿಲ್ಲ.

"ಆದ್ರ ಅದಕ್ಕಿಂತ ಮೊದಲ ನಿನ್ನ ಮುಂದ ಕುಂತು, ಲಾರಿ ಬ್ಯಾರೆ ಕಡೆ ತಿರುಗಸಾಕ ಆಗ್ತದೇನು ನೋಡ್ತಿದ್ದೆ. ಆಗದಿದ್ರ, ಈ ಒಂಬತ್ತು ಫೂಟಿಗೆ ನಿನಗ ಎಲ್ಲಿ, ಎಷ್ಟು ಜಾಗ ಸಿಗ್ತದ ಅಂತ ಬರದು ಕೊಟ್ಟು, ಆಮ್ಯಾಲ ಹೊಡೀತಿದ್ದೆ."

ಕಾಕಾ ಅರ್ಧ ರೊಟ್ಟಿ ಬಿಟ್ಟು ಎದ್ದು ಕೈ ತೊಳೆದುಕೊಂಡ. ಅವಳು ಸುಳ್ಳು ಹೇಳಬಹುದಿತ್ತು. ನಾನಾಗಿದ್ದರೆ ಖಂಡಿತ ಹೇಳುತ್ತಿದ್ದೆ.

ಕೌನ್ಸೆಲಿಂಗ್‌ನಲ್ಲಿ ದೆಹಲಿ ಸಿಗಲಿಲ್ಲ. ವಿಜಯವಾಡದಲ್ಲಿ ನಗರ ಮತ್ತು ಪ್ರಾದೇಶಿಕ ಯೋಜನೆಗೆ ಸೀಟು ಬಂತು. ಕೈಯಲ್ಲಿ ಮೈಸೂರಿನ ದಾರಿಯೂ ಇತ್ತು. ನಾನು ಮೈಸೂರಿನ ಪರ ವಾದ ಮಾಡಿದೆ. ನನ್ನ ಶೀಟೇ ಅದನ್ನು ಕೆಳಗೆ ತಳ್ಳಿತ್ತು ಅನ್ನುವುದನ್ನು ಮರೆತವನ ಹಾಗೆ. 1903ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಕಟ್ಟಿಕೊಂಡ ಊರು, ಕಾಗದಪತ್ರ ಎಲ್ಲ ಕನ್ನಡದಲ್ಲಿ, ನಮ್ಮ ರಾಜ್ಯದ ಕಾಯ್ದೆ ಓದಿಕೊಂಡು ಬರಬಹುದು, ರಾತ್ರಿ ರಾಣೇಬೆನ್ನೂರಿನಲ್ಲಿ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿ. ವಿಜಯವಾಡದ ಕಡೆಗಿದ್ದದ್ದು ಗೇಟ್ ಸ್ಕೋರಿನ ಮೇಲೆ ತಿಂಗಳಿಗೆ 12,400 ರೂಪಾಯಿ, ಮತ್ತೆ ಪಕ್ಕದಲ್ಲೇ ಅಮರಾವತಿ. ರೈತರಿಂದ 33 ಸಾವಿರ ಎಕರೆಗಿಂತ ಹೆಚ್ಚು ಭೂಮಿ ಒಟ್ಟುಗೂಡಿಸಿ ರಾಜಧಾನಿ ಕಟ್ಟಲು ಹೊರಟು, 2019ರ ನಂತರ ಅರ್ಧಕ್ಕೆ ನಿಂತ ಊರು. "ಪ್ಲಾನ್ ಹೆಂಗ ಕೆಡ್ತದ ಅನ್ನೋದು ಅಲ್ಲಿ ಕಣ್ಣಿಗೇ ಕಾಣ್ತದ" ಅಂದಳು. ವಾದ ಎಲ್ಲಿಗೂ ಮುಟ್ಟಲಿಲ್ಲ. ಫೀ ಕಟ್ಟುವ ಕೊನೆಯ ದಿನ ಹತ್ತಿರ ಬಂತು.

ಆ ರಾತ್ರಿಯ ನಂತರ ಈ ವಿಷಯದಲ್ಲಿ ಬಾಯಿ ಬಿಡದ ಕಾಕಾ ಒಂದು ಬೆಳಿಗ್ಗೆ ಅಂಗಡಿಯಿಂದ ನನಗೇ ಫೋನ್ ಮಾಡಿದ.

"ವಿಜಯವಾಡ ಅಂದ್ರ ಗುಂಟೂರಿಗೆ ಹತ್ತರ ಅಲ್ಲೇನೋ?"

"ಹೌದು ಕಾಕಾ. ಹುಬ್ಬಳ್ಳಿಯಾಗ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದ್ರ ಗುಂಟೂರು ದಾಟಿನ ಹೋಗ್ತದ."

"ಗುಂಟೂರು ಮಾರ್ಕೆಟ್ಟು ನಮ್ಮದಕ್ಕಿಂತ ದೊಡ್ಡದು. ಅವರು ಲಾರಿ ಎಲ್ಲಿ ನಿಂದ್ರಸ್ತಾರ?"

"ನನಗೇನು ಗೊತ್ತು ಕಾಕಾ."

"ಆಕಿಗೆ ನೋಡ್ಕೊಂಡು ಬಾ ಅಂತ ಹೇಳು" ಅಂದ. ಫೀ ಎಷ್ಟು, ಯಾವ ಅಕೌಂಟಿಗೆ ಕಟ್ಟಬೇಕು ಅಂತ ಆಮೇಲೆ ಕೇಳಿದ.

ಮೊದಲ ಸೆಮಿಸ್ಟರಿನಲ್ಲೇ ಒಂದು ಭಾನುವಾರ ಅವಳು ಗುಂಟೂರಿಗೆ ಹೋಗಿ ಬಂದಳು. ಯಾರ್ಡಿನ ಫೋಟೋಗಳನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದಳು. ಗುಡ್ ಮಾರ್ನಿಂಗ್ ಹೂವು ಬಿಟ್ಟರೆ ಗ್ರೂಪಿನಲ್ಲಿ ಬೇರೇನೂ ಹಾಕದ ಕಾಕಾ ಬರೆದ: "ರಸ್ತೆ ಎಷ್ಟು ಫೂಟು?"

ಭಾನುವಾರ ಖಾಲಿ ಇತ್ತು, ಸಂತೆ ದಿನ ಹೋಗಿ ಅಳೆದು ಹೇಳ್ತೀನಿ ಅಂದಿದ್ದಾಳೆ. ಕಾಕಾ ನನಗೆ ಎರಡು ಸಲ ಫೋನ್ ಮಾಡಿ, ಅಳತೆ ಬಂತೇನು ಅಂತ ಕೇಳಿದ.